ಲಂಗರು ಎತ್ತೋರು ಯಾರು?

ಈ ವಾರದ ಸಂಚಿಕೆ ನಿಜ ಹೇಳಬೇಕಂದ್ರೆ ಬೇರೆ ವಿಷಯದ ಮೇಲೆ ಆಗಬೇಕಿತ್ತು. ‘ಆಪನ್‌ಹೈಮರ್’ ಸಿನಿಮಾ ಬಂದ ಮೇಲೆ ಮೊದಲ ಅಣುಬಾಂಬ್ ಪರೀಕ್ಷೆಯ ಬಗ್ಗೆ ಒಂದು ಎಪಿಸೋಡ್ ಮಾಡಿ ಅಂತ ನಿಮ್ಮಲ್ಲಿ ಸುಮಾರು ಜನ ಕೇಳ್ತಾನೇ ಇದ್ರಿ. ಅದಕ್ಕೆ ಓದ್ತಾ ಕೂತಾಗ ಒಬ್ಬ ಬ್ರಿಟಿಷ್ ವಿಜ್ಞಾನಿ ಸಿಕ್ಕಿದರು. ಹೆಸರು ಜೆಫ್ರಿ ಇಂಗ್ರಾಮ್ ಟೇಲರ್. 1945ರ ಜುಲೈ 16ರ ಬೆಳಗಿನ ಜಾವ ನ್ಯೂ ಮೆಕ್ಸಿಕೋದಲ್ಲಿ ಆ ಸ್ಫೋಟವನ್ನು ಕಣ್ಣಾರೆ ನೋಡಿದವರಲ್ಲಿ ಅವರೂ ಒಬ್ಬರು. ಆಮೇಲೆ 1950ರಲ್ಲಿ, ಬಿಡುಗಡೆಯಾಗಿದ್ದ ಫೋಟೋಗಳನ್ನು ಇಟ್ಕೊಂಡು, ಬೆಂಕಿಯ ಉಂಡೆ ಎಷ್ಟು ಹೊತ್ತಿಗೆ ಎಷ್ಟು ಅಗಲ ಆಯ್ತು ಅಂತ ಅಳೆದು, ಬಾಂಬಿನ ಶಕ್ತಿ ಸುಮಾರು 17 ಕಿಲೋಟನ್ ಅಂತ ಲೆಕ್ಕ ಹಾಕಿ ಪ್ರಕಟಿಸಿದ ಮನುಷ್ಯ.

ಅವರ ಜೀವನಚರಿತ್ರೆಯಲ್ಲಿ ಈ ಬಾಂಬಿನ ಭಾಗಕ್ಕಿಂತ ಸ್ವಲ್ಪ ಮುಂಚೆ ಒಂದು ಸಣ್ಣ ವಿಷಯ ಇತ್ತು: 1933ರಲ್ಲಿ ಹಾಯಿದೋಣಿಗಳಿಗೆ ಹೊಸ ಲಂಗರು ಕಂಡುಹಿಡಿದರು ಅಂತ. ಕೇಂಬ್ರಿಜ್‌ನ ದೊಡ್ಡ ಗಣಿತಜ್ಞನಿಗೆ ಲಂಗರಿನ ಉಸಾಬರಿ ಯಾಕೆ ಬೇಕಿತ್ತು? ಅಲ್ಲಿಗೆ ಬಾಂಬಿನ ಟ್ಯಾಬ್ ಮುಚ್ಚಿದೆ. ಮೂರು ವಾರದಿಂದ ಲಂಗರೇ ಓದ್ತಾ ಇದೀನಿ.

ಮೊದಲೇ ಒಪ್ಕೋತೀನಿ, ನಾನು ಬಿ.ಕಾಂ ಓದಿದವನು. ಹಾಯಿದೋಣಿ ನಡೆಸಿದವನಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವಾಗ ಹೊಟ್ಟೆ ತೊಳಸಿ ಅರ್ಧ ದಾರಿಯಲ್ಲೇ ಕಣ್ಣು ಮುಚ್ಕೊಂಡು ಕೂತಿದ್ದೆ, ಅಷ್ಟೇ ನನ್ನ ಸಮುದ್ರದ ಅನುಭವ. ಆದರೆ ಈ ಕಥೆಯಲ್ಲಿ ನನಗೆ ಅರ್ಥ ಆಗೋ ಒಂದು ಪ್ರಶ್ನೆ ಇದೆ. ಖರ್ಚು ಯಾರ ಖಾತೆಗೆ ಬೀಳುತ್ತೆ ಅನ್ನೋದು. ಲಂಗರಿನ ಭಾರ ಯಾರ ಬೆನ್ನಿಗೆ ಬೀಳ್ತಿತ್ತು, ಯಾರಿಗೆ ಅದು ಗೊತ್ತೇ ಆಗ್ತಿರಲಿಲ್ಲ ಅಂತ ನೋಡ್ತಾ ಹೋದ್ರೆ, ಲಂಗರಿನ ಚರಿತ್ರೆ ಬೇರೆ ಥರ ಕಾಣುತ್ತೆ.

ಮೊದಲು ಲಂಗರು ಏನು ಮಾಡುತ್ತೆ ಅಂತ ನೋಡೋಣ. ನಮ್ಮಲ್ಲಿ ತುಂಬಾ ಜನ ಅಂದ್ಕೊಂಡಿರೋದು, ಭಾರವಾದ ಕಬ್ಬಿಣ ತಳಕ್ಕೆ ಹೋಗಿ ಕೂರುತ್ತೆ, ಆ ಭಾರಕ್ಕೆ ದೋಣಿ ನಿಲ್ಲುತ್ತೆ ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ. ಹಾಗಿಲ್ಲ. ಹತ್ತು ಟನ್ ದೋಣಿಯನ್ನು ಇಪ್ಪತ್ತು ಕಿಲೋ ಲಂಗರು ಹಿಡಿದು ನಿಲ್ಲಿಸುತ್ತೆ. ಹಿಡಿಯೋದು ಮಣ್ಣು. ಲಂಗರಿನ ಕೊಕ್ಕೆ ಮರಳಿಗೋ ಕೆಸರಿಗೋ ಇಳಿದು ಕಚ್ಚಿಕೊಂಡ ಮೇಲೆ, ಅದನ್ನು ಎಳೆಯಬೇಕಂದ್ರೆ ಮುಂದಿರೋ ಮಣ್ಣನ್ನೆಲ್ಲ ತಳ್ಳಬೇಕು. ಅದಕ್ಕೇ ಹಗ್ಗವನ್ನು ಅಥವಾ ಸರಪಳಿಯನ್ನು ನೀರಿನ ಆಳದ ಐದು ಪಟ್ಟು, ಗಾಳಿ ಜೋರಿದ್ರೆ ಏಳು ಪಟ್ಟು ಉದ್ದ ಬಿಡ್ತಾರೆ. ಆಗ ಎಳೆತ ನೆಲಕ್ಕೆ ಹತ್ತಿರವಾಗಿ, ಅಡ್ಡಡ್ಡ ಇರುತ್ತೆ, ಲಂಗರು ಇನ್ನೂ ಒಳಗೆ ಇಳಿಯುತ್ತೆ. ಹಗ್ಗ ಗಿಡ್ಡ ಆದ್ರೆ ಎಳೆತ ಮೇಲಕ್ಕೆ, ಲಂಗರು ಕಿತ್ತುಬರುತ್ತೆ. ಇನ್ನೊಂದು ಲೆಕ್ಕ ನೆನಪಿಟ್ಕೊಳ್ಳಿ: ಗಾಳಿಯ ವೇಗ ಎರಡು ಪಟ್ಟಾದ್ರೆ ದೋಣಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತೆ. ಸಂಜೆ ಹಿಡ್ಕೊಂಡಿದ್ದ ಲಂಗರು ರಾತ್ರಿ ಎರಡು ಗಂಟೆಗೆ ಜಾರೋದು ಈ ಕಾರಣಕ್ಕೆ.

ಈಗ ಹಳೇ ಕಾಲಕ್ಕೆ ಹೋಗೋಣ. 1768ರ ಏಪ್ರಿಲ್. ಫ್ರೆಂಚ್ ನಾವಿಕ ಬೂಗನ್‌ವಿಲ್ ಟಹೀಟಿ ದ್ವೀಪಕ್ಕೆ ಬಂದ. ಹೌದು, ನಮ್ಮ ಕಾಂಪೌಂಡ್ ಮೇಲೆ ಬೆಳೆಯೋ ಬೋಗನ್‌ವಿಲ್ಲ ಹೂವಿಗೆ ಹೆಸರು ಕೊಟ್ಟವನೇ. ಒಂಬತ್ತು ದಿನ ಅಲ್ಲಿದ್ದ, ಅಷ್ಟರಲ್ಲಿ ಆರು ಲಂಗರು ಕಳೆದುಕೊಂಡ. ಕಳ್ಳತನ ಏನಲ್ಲ. ತಳದಲ್ಲಿದ್ದ ಹವಳದ ಬಂಡೆ ನಾರಿನ ಹಗ್ಗಗಳನ್ನು ಕುಯ್ದು ಹಾಕಿತ್ತು. ಪ್ರಪಂಚದ ಇನ್ನೊಂದು ತುದಿಯಲ್ಲಿ, ಲಂಗರಿಲ್ಲದ ಹಡಗು ಅಂದ್ರೆ ಎಲ್ಲೂ ನಿಲ್ಲೋಕಾಗದ ಹಡಗು. ಒಂದು ಬಿರುಗಾಳಿ ಬಂದ್ರೆ ಎಲ್ಲರೂ ಬಂಡೆಯ ಮೇಲೆ.

ಆ ಹಗ್ಗಗಳು ಹೇಗಿದ್ವು ಗೊತ್ತಾ? ದೊಡ್ಡ ಯುದ್ಧನೌಕೆಗಳಲ್ಲಿ ಅದರ ಸುತ್ತಳತೆಯೇ ಸುಮಾರು ಎರಡು ಅಡಿ. ಅಂದ್ರೆ ಒಬ್ಬ ದಷ್ಟಪುಷ್ಟ ಮನುಷ್ಯನ ತೊಡೆಯಷ್ಟು ದಪ್ಪ. ಅದನ್ನು ಎಳೆಯೋಕೆ ಇದ್ದದ್ದು ಕ್ಯಾಪ್‌ಸ್ಟನ್. ನಮ್ಮ ಕಡೆಯ ಗಾಣ ನೋಡಿದ್ದೀರಲ್ಲ, ಎತ್ತು ಸುತ್ತು ಹೊಡೆಯೋದು? ಅದೇ ಥರ ಡೆಕ್ ಮಧ್ಯೆ ಒಂದು ನಿಂತ ಕಂಬ, ಅದಕ್ಕೆ ಅಡ್ಡ ಸಿಕ್ಕಿಸಿದ ಮರದ ಹಿಡಿಗಳು, ಎತ್ತಿನ ಬದಲು ಮನುಷ್ಯರು. ಡಜನ್‌ಗಟ್ಟಲೆ ಜನ ಎದೆ ಒತ್ತಿ ತಳ್ಳಿಕೊಂಡು ಸುತ್ತು ಹೊಡೀತಿದ್ರು. ತಮಾಷೆ ಅಂದ್ರೆ, ಲಂಗರಿನ ಹಗ್ಗ ಎಷ್ಟು ದಪ್ಪ ಅಂದ್ರೆ ಆ ಕಂಬಕ್ಕೆ ಸುತ್ತೋಕೇ ಆಗ್ತಿರಲಿಲ್ಲ. ಅದಕ್ಕೆ ಸಣ್ಣದೊಂದು ಹಗ್ಗವನ್ನು ಬಳೆಯ ಥರ ಕ್ಯಾಪ್‌ಸ್ಟನ್‌ಗೆ ಸುತ್ತಿ ಓಡಿಸ್ತಿದ್ರು. ದೊಡ್ಡ ಹಗ್ಗವನ್ನು ಆ ಓಡೋ ಹಗ್ಗಕ್ಕೆ ಸಣ್ಣ ಸಣ್ಣ ದಾರಗಳಿಂದ ಕಟ್ಟೋದು, ಮುಂದೆ ಬಂದ ಮೇಲೆ ಬಿಚ್ಚೋದು, ಮತ್ತೆ ಹಿಂದೆ ಓಡಿ ಕಟ್ಟೋದು. ಈ ಕೆಲಸಕ್ಕೆ ಹಡಗಿನ ಹುಡುಗರನ್ನು ಹಾಕ್ತಿದ್ರು. ಒದ್ದೆ ಕತ್ತಲಲ್ಲಿ, ಟನ್‌ಗಟ್ಟಲೆ ಎಳೆತದಲ್ಲಿರೋ ಎರಡು ಹಗ್ಗದ ಮಧ್ಯೆ ಮಕ್ಕಳ ಬೆರಳು.

ಇನ್ನು ಅಲೆಗೆ ಹಡಗಿನ ಮೂತಿ ದಿಢೀರ್ ಅಂತ ಎದ್ದು, ಕ್ಯಾಪ್‌ಸ್ಟನ್ ಹಿಂದಕ್ಕೆ ತಿರುಗದ ಹಾಗೆ ತಡೆಯೋ ಕಬ್ಬಿಣದ ನಾಲಿಗೆ ಮುರೀತು ಅಂತಿಟ್ಕೊಳ್ಳಿ. ಇಡೀ ಗಾಣ ಉಲ್ಟಾ ತಿರುಗುತ್ತೆ. ಆ ಹಿಡಿಗಳ ಏಟಿಗೆ ಸಿಕ್ಕಿದವರ ಪಕ್ಕೆಲುಬು, ಕೈಕಾಲು, ಕೆಲವೊಮ್ಮೆ ಜೀವ ಹೋಗ್ತಿತ್ತು. ಆದ್ರೂ ನೂರಾರು ವರ್ಷ ಅದು ಹಾಗೇ ನಡೀತು. ಯಾಕಂದ್ರೆ ಯುದ್ಧನೌಕೆಯಲ್ಲಿ ಜನಕ್ಕೆ ಬರ ಇರಲಿಲ್ಲ. ಫಿರಂಗಿ ಹೊಡೆಯೋಕೆ ಅಂತ ನೂರಾರು ಜನ ಹೇಗಿದ್ರೂ ಇದ್ರು, ಅದರಲ್ಲಿ ಬಲವಂತವಾಗಿ ಹಿಡಿದು ತಂದವರೂ ಇದ್ರು. ಲಂಗರು ಎತ್ತೋಕೆ ಅಂತ ಪ್ರತ್ಯೇಕ ಖರ್ಚೇ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಕಾಣದ ಖರ್ಚನ್ನು ಯಾರೂ ಕಡಿಮೆ ಮಾಡೋಕೆ ಹೋಗಲ್ಲ.

ಹಗ್ಗ ಕುಯ್ದುಹೋಗೋ ಸಮಸ್ಯೆಗೆ ಉತ್ತರ ಬಂದಿದ್ದು ಸ್ಯಾಮ್ಯುಯೆಲ್ ಬ್ರೌನ್ ಎಂಬ ಬ್ರಿಟಿಷ್ ನೌಕಾಪಡೆಯ ಅಧಿಕಾರಿಯಿಂದ. 1806ರಲ್ಲಿ ‘ಪೆನೆಲೊಪಿ’ ಅನ್ನೋ ಹಡಗಿಗೆ ಕಬ್ಬಿಣದ ಸರಪಳಿ ಹಾಕಿ ವೆಸ್ಟ್ ಇಂಡೀಸ್‌ಗೆ ಹೋಗಿ ಬಂದರು, 1808ರಲ್ಲಿ ಪೇಟೆಂಟ್ ತಗೊಂಡರು. ಕಬ್ಬಿಣದ ಸರಪಳಿ ಅನ್ನೋ ಯೋಚನೆಯೇನೂ ಹೊಸದಲ್ಲ. ಜನಕ್ಕೆ ಇದ್ದ ಭಯ ಒಂದೇ: ನೂರಾರು ಕೊಂಡಿಗಳಲ್ಲಿ ಒಂದೇ ಒಂದು ಕೆಟ್ಟ ಬೆಸುಗೆ ಇದ್ರೂ ಹಡಗು ಹೋಯ್ತು. ಬ್ರೌನ್ ಮಾಡಿದ ದೊಡ್ಡ ಕೆಲಸ, ಸರಪಳಿಯನ್ನು ಹಡಗಿಗೆ ಹಾಕೋ ಮುಂಚೆ ಎಳೆದು ಪರೀಕ್ಷೆ ಮಾಡೋ ಯಂತ್ರ ಕಟ್ಟಿದ್ದು. ಮುಂದೆ 1864ರಲ್ಲಿ ಬ್ರಿಟಿಷ್ ಸಂಸತ್ತು ಲಂಗರು ಮತ್ತು ಸರಪಳಿಗಳ ಪರೀಕ್ಷೆಗೆ ಅಂತಲೇ ಕಾನೂನು ಮಾಡಿತು. ಆಡಿಟ್ ಅನ್ನೋದು ಕಬ್ಬಿಣಕ್ಕೂ ಬಂತು ಅಂತ ನಾನು ಓದ್ತಾ ನಕ್ಕೆ.

ಸರಪಳಿಯಿಂದ ಹಡಗು ಉಳೀತು, ಭಾರ ಮಾತ್ರ ಇಳೀಲಿಲ್ಲ. ದೊಡ್ಡ ಹಡಗುಗಳಿಗೆ ಹಬೆಯಂತ್ರ ಬಂದು ಆ ಭಾರವನ್ನು ತಾನು ಹೊತ್ಕೊಂಡಿತು. ಅವರ ಕಥೆ ಅಲ್ಲಿಗೆ ಮುಗೀತು ಅಂತಿಟ್ಕೊಳ್ಳಿ. ಆದರೆ ಚಿಕ್ಕ ಹಾಯಿದೋಣಿ? ಅಲ್ಲಿ ಹಬೆಯೂ ಇಲ್ಲ, ಜನವೂ ಇಲ್ಲ.

ಜಾಶುವಾ ಸ್ಲೋಕಮ್ ಹೆಸರು ಕೇಳಿರ್ತೀರಿ. ಒಬ್ಬನೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲ ಮನುಷ್ಯ. 1895ರ ಏಪ್ರಿಲ್‌ನಲ್ಲಿ ಬಾಸ್ಟನ್‌ನಿಂದ ಹೊರಟ, 1898ರ ಜೂನ್‌ನಲ್ಲಿ ವಾಪಸ್ ಬಂದ. ಹೊರಟಾಗ ವಯಸ್ಸು 51. ಅವನ ‘ಸ್ಪ್ರೇ’ ದೋಣಿ ಮೂವತ್ತೇಳು ಅಡಿಗೆ ಸ್ವಲ್ಪ ಕಡಿಮೆ. ಅದರಲ್ಲಿ ಮೂರು ಲಂಗರು ಇದ್ವು: 40 ಪೌಂಡ್, 100 ಪೌಂಡ್, 180 ಪೌಂಡ್. ಕೊನೇದು ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 82 ಕಿಲೋ. ಒಂದು ಸಿಮೆಂಟ್ ಮೂಟೆ 50 ಕಿಲೋ. ಐವತ್ತು ದಾಟಿದ ಮನುಷ್ಯ, ಒಬ್ಬನೇ, ಮೆಗೆಲನ್ ಜಲಸಂಧಿಯಲ್ಲಿ, ಗುಡ್ಡದ ಮೇಲಿಂದ ಮುನ್ಸೂಚನೆ ಇಲ್ಲದೆ ಬೀಳೋ ಗಾಳಿಯಲ್ಲಿ, ಲಂಗರು ಹಾಕೋದು, ಎತ್ತೋದು, ಮತ್ತೆ ಹಾಕೋದು. ಕೈಯಿಂದ ತಿರುಗಿಸೋ ಒಂದು ಹಳೇ ವಿಂಡ್‌ಲಾಸ್, ಅಂದ್ರೆ ಅಡ್ಡ ಮಲಗಿಸಿದ ರಾಟೆಯಂಥದ್ದು, ಅವನಿಗೆ ಇದ್ದ ಸಹಾಯ.

ಆ ಕಾಲದ ಲಂಗರು ಅಂದ್ರೆ ನಾವು ಚಿತ್ರದಲ್ಲಿ ನೋಡೋದೇ. ಉದ್ದ ದಂಡ, ಕೆಳಗೆ ಎರಡು ಕೊಕ್ಕೆ, ಮೇಲೆ ಅಡ್ಡ ಪಟ್ಟಿ. ಅಡ್ಡ ಪಟ್ಟಿ ಇರೋದು ಒಂದು ಕೊಕ್ಕೆ ಖಂಡಿತ ಕೆಳಮುಖ ಆಗಲಿ ಅಂತ. ಆದರೆ ಮಣ್ಣಿಗೆ ಇಳಿಯೋದು ಒಂದೇ ಕೊಕ್ಕೆ. ಇನ್ನೊಂದು ಸುಮ್ನೆ ಮೇಲೆ ನೋಡ್ತಾ ನಿಂತಿರುತ್ತೆ. ಉಬ್ಬರ ಇಳಿತ ತಿರುಗಿದಾಗ ದೋಣಿ ಸುತ್ತು ಹಾಕಿ, ಹಗ್ಗ ಆ ಮೇಲಿನ ಕೊಕ್ಕೆಗೆ ಸಿಕ್ಕಿಕೊಂಡು, ಲಂಗರನ್ನೇ ಕಿತ್ತುಹಾಕೋದೂ ಉಂಟು. ಬ್ರಿಟಿಷ್ ನೌಕಾ ಇಲಾಖೆಯ ಲಾಂಛನದಲ್ಲಿ ಲಂಗರಿಗೆ ಹಗ್ಗ ಸುತ್ತಿಕೊಂಡಿದೆ ನೋಡಿ. ನೋಡೋಕೆ ಚೆಂದ, ನಾವಿಕನಿಗೆ ಮಾತ್ರ ಅದು ತಲೆನೋವು. ಅಂದ್ರೆ ಹೊತ್ತ ಕಬ್ಬಿಣದಲ್ಲಿ ಅರ್ಧ ಕೆಲಸಕ್ಕೆ ಬರ್ತಿರಲಿಲ್ಲ. ಕಷ್ಟಪಟ್ಟು ಎತ್ತಿ ತಂದ ಮೇಲೂ ಆ ಆಕಾರದ ವಸ್ತುವನ್ನು, ಕೊಕ್ಕೆ ದೋಣಿಯ ಹಲಗೆಗೆ ಚುಚ್ಚದ ಹಾಗೆ, ಕಟಾಂಜನದ ಮೇಲಿಂದ ಒಳಗೆ ತಗೋಬೇಕು. ತೂಗಾಡೋ ಡೆಕ್ ಮೇಲೆ, ಎರಡೂ ಕೈಯಲ್ಲಿ ಲಂಗರು. ತಮ್ಮನ್ನು ತಾವು ಹಿಡ್ಕೊಳ್ಳೋಕೆ ಮೂರನೇ ಕೈ ಇಲ್ಲ.

ಇಲ್ಲಿಗೆ ನಮ್ಮ ಟೇಲರ್ ಬರ್ತಾರೆ. ಒಂದು ಪುಟ್ಟ ನಂಟು ಹೇಳಿಬಿಡ್ತೀನಿ, ತಡೆಯೋಕೆ ಆಗ್ತಿಲ್ಲ. ಇವರ ತಾಯಿ, ತರ್ಕದ ಗಣಿತಕ್ಕೆ ಹೆಸರಾದ ಜಾರ್ಜ್ ಬೂಲ್ ಅವರ ಮಗಳು. ಅಜ್ಜಿ ಮೇರಿ ಎವರೆಸ್ಟ್, ಪರ್ವತಕ್ಕೆ ಹೆಸರು ಬಂದ ಜಾರ್ಜ್ ಎವರೆಸ್ಟ್ ಅವರ ಸೋದರನ ಮಗಳು. ಆ ಎವರೆಸ್ಟ್ ಮುಂದುವರಿಸಿದ ಭಾರತದ ಮಹಾ ಸರ್ವೆಯ ಮೊದಲ ಅಳತೆಗಳನ್ನು ಲ್ಯಾಂಬ್ಟನ್ 1800ರಲ್ಲಿ ಮಾಡಿದ್ದು ನಮ್ಮ ಬೆಂಗಳೂರಿನ ಹತ್ತಿರ. ಸರಿ, ಮುಂದೆ ಹೋಗೋಣ.

ಟೇಲರ್‌ಗೆ ಹಾಯಿದೋಣಿಯ ಹುಚ್ಚು. ‘ಫ್ರಾಲಿಕ್’ ಅನ್ನೋ ಸುಮಾರು 48 ಅಡಿಯ ದೋಣಿ ಇಟ್ಕೊಂಡಿದ್ರು. 1927ರಲ್ಲಿ ಹೆಂಡತಿ ಸ್ಟೆಫನಿ ಜೊತೆ ಅದರಲ್ಲಿ ನಾರ್ವೆಯ ಲೊಫೋಟನ್ ದ್ವೀಪಗಳವರೆಗೆ, ಅಂದ್ರೆ ಆರ್ಕ್ಟಿಕ್ ವೃತ್ತ ದಾಟಿ ಹೋಗಿ ಬಂದರು. ಆ ವರ್ಷದ ರಾಯಲ್ ಕ್ರೂಸಿಂಗ್ ಕ್ಲಬ್ ಪ್ರಶಸ್ತಿ ಅವರಿಗೇ ಬಂತು. ಮೊದಲ ಮಹಾಯುದ್ಧಕ್ಕೆ ಮುಂಚೆ ಸಿರಿವಂತರ ದೋಣಿಗಳಲ್ಲಿ ಸಂಬಳದ ಆಳುಗಳು ಇರ್ತಿದ್ರು, ಲಂಗರು ಅವರ ಪಾಡು. ಯುದ್ಧದ ನಂತರ ಟೇಲರ್‌ನಂಥ ಮಧ್ಯಮ ವರ್ಗದವರು, ಗಂಡ ಹೆಂಡತಿ, ಗೆಳೆಯರು ತಾವೇ ಹಾಯಿ ಕಟ್ಟಿ ಹೋಗೋದು ಜಾಸ್ತಿ ಆಯ್ತು. ಪ್ರೊಫೆಸರ್ ತಾನೇ ಬಗ್ಗಿ ಎಳೆಯಬೇಕಾದಾಗ, ಇದು ಇಷ್ಟು ಭಾರ ಯಾಕಿರಬೇಕು ಅನ್ನೋ ಪ್ರಶ್ನೆಗೆ ಬೆಲೆ ಬಂತು ಅಂತ ನನಗನಿಸುತ್ತೆ. ಇದು ನನ್ನ ಊಹೆ, ಆದರೆ ಇಡೀ ಕಥೆ ಓದಿದ ಮೇಲೆ ಬಂದ ಊಹೆ.

ಅವರು ಭಾರವನ್ನು ಪಕ್ಕಕ್ಕಿಟ್ಟು ಮಣ್ಣಿನ ಕಡೆ ನೋಡಿದರು. ಮಣ್ಣಿಗೆ ಇಳಿಯೋಕೆ ಅಂತಲೇ ಮನುಷ್ಯ ಸಾವಿರಾರು ವರ್ಷದಿಂದ ಬಳಸ್ತಿರೋ ವಸ್ತು ಯಾವುದು? ನೇಗಿಲು. ನೇಗಿಲ ಗುಳವನ್ನು ಲಂಗರಿಗೆ ಹಾಕಿದ್ರೆ? ತೊಂದರೆ ಏನಂದ್ರೆ, ಉಳೋವಾಗ ಹಿಂದೆ ರೈತ ಹಿಡಿದು ನಿಂತಿರ್ತಾನೆ, ಗುಳ ನೆಟ್ಟಗಿರುತ್ತೆ, ಆಳ ಅವನ ಕೈಯಲ್ಲಿರುತ್ತೆ. ಸಮುದ್ರದ ತಳದಲ್ಲಿ ಹಿಡಿಯೋರು ಯಾರೂ ಇಲ್ಲ. ಲಂಗರು ಎಡಕ್ಕೆ ಬೀಳುತ್ತೋ ಬಲಕ್ಕೆ ಬೀಳುತ್ತೋ ಗೊತ್ತಿಲ್ಲ. ಅದಕ್ಕೆ ಟೇಲರ್ ಎರಡು ಗುಳವನ್ನು ಬೆನ್ನಿಗೆ ಬೆನ್ನು ಸೇರಿಸಿದಂಥ ಒಂದೇ ತಲೆ ಮಾಡಿದರು. ಯಾವ ಮಗ್ಗುಲಿಗೆ ಬಿದ್ರೂ ಎಳೆದ ತಕ್ಷಣ ಚೂಪು ತುದಿ ಮಣ್ಣಿಗೆ ಕಚ್ಚಿ, ತಾನಾಗೇ ನೆಟ್ಟಗಾಗಿ, ಎಳೆದಷ್ಟೂ ಹೂತುಕೊಳ್ಳುತ್ತೆ. ಮೇಲೆ ನಿಂತಿರೋ ಎರಡನೇ ಕೊಕ್ಕೆ ಇಲ್ಲ, ಅಡ್ಡ ಪಟ್ಟಿ ಇಲ್ಲ, ಹಗ್ಗ ಸಿಕ್ಕಿಕೊಳ್ಳೋಕೆ ಜಾಗವೇ ಇಲ್ಲ. ದಂಡಕ್ಕೂ ತಲೆಗೂ ಮಧ್ಯೆ ಬಾಗಿಲಿನ ಕೀಲಿನ ಥರ ಒಂದು ಕೀಲು. ಗಾಳಿ ತಿರುಗಿ ದೋಣಿ ಅತ್ತಿತ್ತ ಓಲಾಡಿದ್ರೆ ದಂಡ ಮಾತ್ರ ತಿರುಗುತ್ತೆ, ಹೂತ ತಲೆ ಅಲುಗಾಡಲ್ಲ.

ಅಷ್ಟೇ ತೂಕದ ಹಳೇ ಲಂಗರಿಗಿಂತ ಇದರ ಹಿಡಿತ ಎರಡು ಪಟ್ಟಿಗೂ ಜಾಸ್ತಿ. ಅಂದ್ರೆ ಅರ್ಧ ತೂಕ ಎತ್ತಿದ್ರೆ ಸಾಕು. ಟೇಲರ್, ಫ್ಯಾರೆನ್ ಮತ್ತು ಮೆಕೆರೋ ಅನ್ನೋ ಇಬ್ಬರು ಗೆಳೆಯರ ಜೊತೆ ಸೇರಿ ತಾವೇ ಕಂಪನಿ ಮಾಡಿ ಮಾರೋಕೆ ಶುರು ಮಾಡಿದರು. ಹೆಸರು ಸಿಕ್ಯೂಆರ್. ಬೇಗ ಬೇಗ ಹೇಳಿ ನೋಡಿ, ‘ಸೆಕ್ಯೂರ್’ ಅಂತ ಕೇಳಿಸುತ್ತೆ. ಒಂದೊಂದು ಕಿಲೋವನ್ನೂ ಲೆಕ್ಕ ಹಾಕೋ ಕಡಲವಿಮಾನಗಳಿಗೂ ಇದು ಹೋಯ್ತು. ಅಮೆರಿಕದಲ್ಲಿ ರಿಚರ್ಡ್ ಡ್ಯಾನ್‌ಫೋರ್ತ್ ಇದೇ ಪ್ರಶ್ನೆಗೆ ಎರಡು ಚಪ್ಪಟೆ ರೆಕ್ಕೆಯ ಇನ್ನೊಂದು ಹಗುರ ಲಂಗರು ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸೋ ದೋಣಿಗಳು ದಡ ಸೇರೋ ಮುಂಚೆ ಹಿಂದಿನಿಂದ ಇದನ್ನು ಬಿಟ್ಟು, ವಾಪಸ್ ಹೋಗುವಾಗ ಅದನ್ನೇ ಹಿಡಿದು ತಮ್ಮನ್ನು ಎಳ್ಕೊಂಡು ಹೋಗ್ತಿದ್ವು.

ಹಗುರ ಮಾಡೋದು ಬರೀ ಆರಾಮಕ್ಕೆ ಅಂತ ಅನಿಸಬಹುದು. ಈ ಮೂರು ವಾರದಲ್ಲಿ ನನಗೆ ಗಟ್ಟಿಯಾಗಿ ಅರ್ಥ ಆಗಿದ್ದು ಇದೊಂದೇ, ಹಾಗಲ್ಲ ಅನ್ನೋದು. ರಾತ್ರಿ ಎರಡು ಗಂಟೆ, ಮಳೆ, ಗಾಳಿ ತಿರುಗಿದೆ, ಲಂಗರು ನಿಧಾನಕ್ಕೆ ಜಾರ್ತಾ ಇದೆ. ಸರಿಯಾದ ಕೆಲಸ ಏನಂದ್ರೆ ಎದ್ದು, ಪೂರ್ತಿ ಎತ್ತಿ, ಬೇರೆ ಜಾಗದಲ್ಲಿ ಮತ್ತೆ ಹಾಕೋದು. ಆದರೆ ಎತ್ತೋದು ಒಂದು ಗಂಟೆಯ ಜೀವ ಹಿಂಡೋ ಕೆಲಸ ಆಗಿದ್ರೆ ಮನುಷ್ಯ ಏನು ಮಾಡ್ತಾನೆ? ಇನ್ನು ಸ್ವಲ್ಪ ನೋಡೋಣ ಅಂತಾನೆ. ಬಂಡೆ ಹತ್ತಿರ ಬರೋದು ಆ ಸ್ವಲ್ಪದಲ್ಲೇ. ಎರಡನೇ ಸಲ ಎತ್ತೋಕೆ ಧೈರ್ಯ ಬರಲಿ ಅನ್ನೋದಕ್ಕೇ ಲಂಗರು ಹಗುರ ಇರಬೇಕು.

ಇದರ ಜೊತೆ ಕಾಲಕಾಲಕ್ಕೆ ಸಣ್ಣ ಸಣ್ಣ ಸಾಮಾನುಗಳು ಸೇರಿದ್ವು. ನನಗೆ ಇವು ದೊಡ್ಡ ಆವಿಷ್ಕಾರಗಳಿಗಿಂತ ಇಷ್ಟ. ದೋಣಿಯ ಮೂತಿಯಲ್ಲಿ ಒಂದು ರೋಲರ್: ಲಂಗರು ಅದರ ಮೇಲೆ ಉರುಳಿ ಬಂದು ಅಲ್ಲೇ ಕೂರುತ್ತೆ, ಕಟಾಂಜನದ ಮೇಲಿಂದ ಎತ್ತಿಕೊಳ್ಳೋ ಗೋಳಿಲ್ಲ. ಆ ರೋಲರ್ ಮೇಲೆ ಬೀಳೋ ಒಂದು ಕಬ್ಬಿಣದ ನಾಲಿಗೆ: ಸರಪಳಿಯನ್ನು ಒಳಗೆ ಬರೋಕೆ ಬಿಡುತ್ತೆ, ಹೊರಗೆ ಹೋಗೋಕೆ ಬಿಡಲ್ಲ. ಕೈಯಲ್ಲಿ ಎಳೆಯೋರಿಗೆ ಇದು ವರ. ಅಲೆಗೆ ಮೂತಿ ಕೆಳಗಿಳಿದಾಗ ಸರಪಳಿ ಸಡಿಲ ಆಗುತ್ತೆ, ಆಗ ಎಳ್ಕೋಬೇಕು. ಮೂತಿ ಮೇಲೇಳುವಾಗ ಭಾರ ನಾಲಿಗೆ ಹೊರುತ್ತೆ, ಕೈ ಅಲ್ಲ. ಮಣ್ಣಲ್ಲಿ ಹೂತ ಲಂಗರನ್ನು ಕೀಳೋದೂ ಹಾಗೇ, ಸರಪಳಿ ನೆಟ್ಟಗೆ ನಿಂತಾಗ ಕಟ್ಟಿಬಿಟ್ರೆ ಮುಂದಿನ ಅಲೆಯೇ ದೋಣಿಯನ್ನು ಎತ್ತಿ ಅದನ್ನು ಕೀಳುತ್ತೆ.

ಈಗ ಹೆಚ್ಚಿನ ದೋಣಿಗಳಲ್ಲಿ ಕರೆಂಟಿನ ವಿಂಡ್‌ಲಾಸ್ ಇದೆ, ಕಾಲಲ್ಲಿ ಒತ್ತೋ ಸ್ವಿಚ್ಚು. 10 ಮಿಲಿಮೀಟರ್ ಸರಪಳಿ ಮೀಟರಿಗೆ ಎರಡು ಕಿಲೋಗಿಂತ ಜಾಸ್ತಿ ತೂಗುತ್ತೆ. 10 ಮೀಟರ್ ಆಳದಲ್ಲಿ 20 ಕಿಲೋ ಲಂಗರು ನೇತಾಡ್ತಿದ್ರೆ ಒಟ್ಟು 40 ಕಿಲೋ ದಾಟುತ್ತೆ, ಅದನ್ನು ಮೋಟಾರ್ ಎತ್ತುತ್ತೆ. ಆದರೆ ಯಂತ್ರ ಬಂದಾಗ ಹೊಸ ಅಪಾಯವೂ ಬಂತು. ಸಿಕ್ಕಿಕೊಂಡ ಸರಪಳಿಯನ್ನು ಬಿಡಿಸೋಕೆ ಅಂತ ಕೈ ಹಾಕಿರೋವಾಗ ಕಾಲು ಸ್ವಿಚ್ಚಿನ ಮೇಲೆ ಬಿದ್ರೆ ಬೆರಳು ಹೋಗುತ್ತೆ. ಅದಕ್ಕೇ ಮೊದಲು ಕರೆಂಟ್ ಆಫ್, ಆಮೇಲೆ ಕೈ. ರಾತ್ರಿಯೆಲ್ಲ ದೋಣಿಯ ಜಗ್ಗಾಟವನ್ನು ಯಂತ್ರದ ಮೇಲೆ ಬಿಡಬಾರದು, ಹಿಗ್ಗೋ ನೈಲಾನ್ ಹಗ್ಗವನ್ನು ಸರಪಳಿಗೆ ಸಿಕ್ಕಿಸಿ ಗಟ್ಟಿ ಗೂಟಕ್ಕೆ ಕಟ್ಟಬೇಕು. ಎತ್ತುವಾಗಲೂ ಎಂಜಿನ್‌ನಿಂದ ದೋಣಿಯನ್ನು ನಿಧಾನ ಮುಂದಕ್ಕೆ ಬಿಟ್ಟು, ಸಡಿಲ ಆದ ಸರಪಳಿಯನ್ನಷ್ಟೇ ವಿಂಡ್‌ಲಾಸ್ ಸುತ್ತಬೇಕು. ಹುಡುಗರು ಎರಡು ಹಗ್ಗದ ಮಧ್ಯೆ ಬೆರಳಿಟ್ಟು ಕಟ್ತಿದ್ರಲ್ಲ, ಆ ಚಿತ್ರ ಇದನ್ನು ಓದುವಾಗೆಲ್ಲ ಕಣ್ಮುಂದೆ ಬರ್ತಿತ್ತು.

ಟೇಲರ್ ಲಂಗರೇ ಕೊನೆ ಮಾತಾಗಲಿಲ್ಲ. ಗಟ್ಟಿ ಮರಳಲ್ಲಿ, ಕಳೆ ತುಂಬಿದ ತಳದಲ್ಲಿ ಅದು ಕೆಲವೊಮ್ಮೆ ಮಗ್ಗುಲಾಗೇ ಮಲಗಿ ಜಾರುತ್ತೆ ಅನ್ನೋ ದೂರು ಇತ್ತು. 1990ರ ದಶಕದಲ್ಲಿ ಫ್ರಾನ್ಸಿನ ಅಲೆನ್ ಪುವಾರೊ ಗುದ್ದಲಿಯಂತೆ ಒಳಬಾಗಿದ ತಲೆಯ ಲಂಗರು ಮಾಡಿದರು. 2000ದ ದಶಕದಲ್ಲಿ ನ್ಯೂಜಿಲೆಂಡಿನ ಪೀಟರ್ ಸ್ಮಿತ್ ಮಾಡಿದ ಲಂಗರಿನ ಬೆನ್ನ ಮೇಲೆ ಒಂದು ಬಳೆ ಇದೆ. ಹೇಗೇ ಬಿದ್ರೂ ಉರುಳಿ ತುದಿ ಕೆಳಗಾಗಲಿ ಅಂತ. ಇವತ್ತು ನಿವೃತ್ತರಾದ ಗಂಡ ಹೆಂಡತಿ ಇಬ್ಬರೇ ನಲವತ್ತು ಅಡಿ ದೋಣಿಯಲ್ಲಿ ಸಮುದ್ರ ದಾಟ್ತಾರೆ. ಒಬ್ಬರು ಚುಕ್ಕಾಣಿಯಲ್ಲಿ, ಒಬ್ಬರು ಮೂತಿಯಲ್ಲಿ. ಗಾಳಿಯಲ್ಲಿ ಕೂಗಿದ್ರೆ ಕೇಳಿಸಲ್ಲ ಅಂತ ಕೈಸನ್ನೆ ಮೊದಲೇ ಮಾತಾಡ್ಕೊಂಡಿರ್ತಾರೆ. ಬೆರಳು ಮುಂದೆ ತೋರಿಸಿದ್ರೆ ಮುಂದಕ್ಕೆ, ಮುಷ್ಟಿ ಹಿಡಿದ್ರೆ ನಿಲ್ಲಿಸು.

ಟೇಲರ್ 1975ರಲ್ಲಿ ತೀರಿಕೊಂಡರು, 89ನೇ ವಯಸ್ಸಲ್ಲಿ. ಬಾಂಬಿನ ಎಪಿಸೋಡ್ ಮುಂದಿನ ವಾರ ಖಂಡಿತ, ಅದರಲ್ಲಿ ಮತ್ತೆ ಸಿಗ್ತಾರೆ. ನಮ್ಮ ಕರಾವಳಿಯ ದೋಣಿಗಳಲ್ಲಿ ಲಂಗರು ಎತ್ತಿದವರು ನಿಮ್ಮ ಮನೆಯಲ್ಲಿ ಯಾರಾದ್ರೂ ಇದ್ರೆ, ಅವರ ಹತ್ರ ಒಂದು ಹತ್ತು ನಿಮಿಷ ಮಾತಾಡಿಸಿ ರೆಕಾರ್ಡ್ ಮಾಡಿ ಕಳಿಸಿ. ಕೈ ಹೇಗಿದೆ ಅಂತಲೂ ಕೇಳಿ.